ಎದೆಮಟ್ಟದ ಈಜುಗಾರ

ಸುಳ್ಳು ಹೇಳಿದವರು ಸೋದರಮಾವ. ಆದರೆ ಅದಕ್ಕೆ ಇಪ್ಪತ್ತನಾಲ್ಕು ವರ್ಷ ಅನ್ನ ಹಾಕಿ ಸಾಕಿದವರು ಟೇಪು ಸಾಹೇಬರು. (ಸರ್ವೆ ಆಫೀಸಿನಲ್ಲಿ ಮೂವತ್ತು ವರ್ಷ ಊರವರ ಜಮೀನು ಅಳೆದವರಾದ್ದರಿಂದ ಈ ಬಿರುದು. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಹೆಂಡತಿ 'ರೀ' ಅನ್ನುತ್ತಾಳೆ, ಅತ್ತೆ 'ಅಳಿಯಂದ್ರೇ' ಅನ್ನುತ್ತಾರೆ, ಮಿಕ್ಕವರಿಗೆಲ್ಲ ಅವರು ಟೇಪು.)

ಮದುವೆಯ ಮಾತುಕತೆಯ ದಿನ ಹುಡುಗಿಯ ತಾಯಿ ಒಂದೇ ಒಂದು ಪ್ರಶ್ನೆ ಕೇಳಿದ್ದರು. ಸಂಬಳ ಎಷ್ಟು ಅಂತಲ್ಲ, ಸಿಗರೇಟು ಸೇದುತ್ತೀಯಾ ಅಂತಲ್ಲ. "ಹುಡುಗನಿಗೆ ಈಜು ಬರುತ್ತಾ?" ಮಗಳು ಐದು ವರ್ಷದವಳಿದ್ದಾಗ ಹಿತ್ತಲ ನೀರಿನ ತೊಟ್ಟಿಗೆ ತಲೆಕೆಳಗಾಗಿ ಬಿದ್ದಿದ್ದಳಂತೆ. ಎಳೆದು ತೆಗೆಯುವಷ್ಟರಲ್ಲಿ ತುಟಿ ನೀಲಿಯಾಗಿತ್ತಂತೆ. ಅಂದಿನಿಂದ ಆ ತಾಯಿಗೆ ನೀರು ಕಂಡರೆ ಜೀವ ಹಾರುತ್ತಿತ್ತು. ಈಜು ಬಾರದವನಿಗೆ ಮಗಳನ್ನು ಕೊಡುವುದಿಲ್ಲವೆಂದು ಹಟ ಹಿಡಿದಿದ್ದರು. ಸೋದರಮಾವ ಎರಡನೇ ಲೋಟ ಕಾಫಿ ಮುಗಿಸುತ್ತ, "ಈಜಾ? ನಮ್ಮ ಹುಡುಗ ನೀರಿಗಿಳಿದ್ರೆ ಮೀನುಗಳು ಎದ್ದು ದಾರಿ ಬಿಡ್ತಾವೆ!" ಎಂದುಬಿಟ್ಟರು.

ಸಾಹೇಬರು ಆಗಲೇ ಬಾಯಿ ತೆರೆಯಬೇಕಿತ್ತು. ತೆರೆದರು ಕೂಡ. ಅಷ್ಟರಲ್ಲಿ ಬಾಗಿಲ ಮರೆಯಿಂದ ಹುಡುಗಿ ಒಮ್ಮೆ ಇಣುಕಿ ನೋಡಿದಳು. ಬಾಯಿ ತಾನಾಗಿಯೇ ಮುಚ್ಚಿಕೊಂಡಿತು.

ಅವರ ಅದೃಷ್ಟಕ್ಕೆ ಆ ಊರಿನಲ್ಲಿ ನಲ್ಲಿ ನೀರೇ ದಿನ ಬಿಟ್ಟು ದಿನ ಬರುತ್ತಿತ್ತು. ಮನುಷ್ಯ ಮುಳುಗುವಷ್ಟು ನೀರನ್ನು ಒಟ್ಟಿಗೆ ಕಂಡವರೇ ಇರಲಿಲ್ಲ. ಎಲ್ಲಿಗಾದರೂ ಹೋದಾಗ ಹೊಳೆಯೋ ಕೆರೆಯೋ ಅಡ್ಡ ಬಂದರೆ ಸಾಹೇಬರ ಬಳಿ ಉತ್ತರ ಸಿದ್ಧವಾಗಿರುತ್ತಿತ್ತು. ಒಮ್ಮೆ ಕಿವಿ ಸೋರುತ್ತಿತ್ತು. ಒಮ್ಮೆ ಹೊಟ್ಟೆ ತುಂಬಿತ್ತು. ಇನ್ನೊಮ್ಮೆ ಹೋಟೆಲೊಂದರ ಈಜುಕೊಳದ ಅಂಚಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇದು ನನ್ನ ಮಟ್ಟದ ನೀರಲ್ಲ ಬಿಡು" ಎಂದಿದ್ದರು. ಆ ಮಾತು ಅಕ್ಷರಶಃ ನಿಜ. ಅವರ ಮಟ್ಟದ ನೀರು ಬಚ್ಚಲಮನೆಯ ಬಕೆಟ್ಟಿನಲ್ಲಿತ್ತು.

ಹೀಗೆ ನೆಮ್ಮದಿಯಾಗಿದ್ದ ಸಂಸಾರಕ್ಕೆ ಹಲ್ಲಿನ ಡಾಕ್ಟರು ಕಲ್ಲು ಹಾಕಿದರು. ಅವರೇನೂ ಮಾಡಲಿಲ್ಲ ಪಾಪ, ರೋಗಿಗಳು ಕಾಯುವ ಕೋಣೆಯಲ್ಲಿ ಬಣ್ಣದ ಪುಸ್ತಕವೊಂದನ್ನು ಇಟ್ಟಿದ್ದರು, ಅಷ್ಟೆ. ಹಲ್ಲಿನ ಸೆಟ್ಟು ಕಟ್ಟಿಸಲು ಹೋಗಿದ್ದ ಅತ್ತೆ ಒಂದೂವರೆ ಗಂಟೆ ಕಾದರು, ಆ ಪುಸ್ತಕ ಓದಿದರು, ಬರುವಾಗ ಅದನ್ನು ಚೀಲದೊಳಗೆ ಸೇರಿಸಿಕೊಂಡು ಬಂದರು. ಎಪ್ಪತ್ತಾರು ವರ್ಷದ ಅತ್ತೆ ಆ ಸಂಜೆ ಊಟದ ಮೇಜಿನ ಮೇಲೆ ಅದನ್ನು ಬಿಡಿಸಿಟ್ಟು ಗಟ್ಟಿಯಾಗಿ ಓದಿದರು.

"ಜನಜಂಗುಳಿ ಇಲ್ಲದ ಪುಟ್ಟ ದ್ವೀಪ. ಬೆಳ್ಳನೆಯ ಮರಳು. ಅಲೆಗಳೇ ಇಲ್ಲದ ಪ್ರಶಾಂತ ಲಗೂನ್. ಈಜು ಕಲಿಯುವವರಿಗೆ ತಾಯಿಯ ಮಡಿಲು." ಓದುವ ಕನ್ನಡಕ ತೆಗೆದು ಅಳಿಯನ ಕಡೆ ನೋಡಿದರು. "ಅಳಿಯಂದ್ರೇ, ನಾನು ಕಣ್ಮುಚ್ಚೋದ್ರೊಳಗೆ ಇವಳು ನೀರಲ್ಲಿ ತೇಲೋದನ್ನ ಒಂದು ಸಲ ನೋಡ್ಬೇಕು. ಮನೇಲೇ ಇಂಥ ಮೇಷ್ಟ್ರನ್ನ ಇಟ್ಕೊಂಡು ಇಷ್ಟು ವರ್ಷ ಸುಮ್ಮನಿದ್ವಲ್ಲ, ನಮಗೆ ಬುದ್ಧಿ ಬೇಡ್ವಾ?"

"ಅತ್ತೆ, ಈ ವಯಸ್ಸಲ್ಲಿ ಅವಳಿಗೆ ಈಜು ಯಾಕೆ?" ಎಂದು ಸಾಹೇಬರು ತೊದಲಿದರು.

"ಯಾವ ವಯಸ್ಸು?" ಎಂದು ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು. ಅಲ್ಲಿಗೆ ಆ ದಾರಿ ಮುಚ್ಚಿತು. ಅತ್ತೆ ತಮ್ಮ ಕೈಚೀಲದಿಂದ, ಬರುವ ದಾರಿಯಲ್ಲೇ ಮಾಡಿಸಿಕೊಂಡಿದ್ದ ಮೂರು ಟಿಕೆಟು ತೆಗೆದು ಮೇಜಿನ ಮೇಲಿಟ್ಟಾಗ ಮಿಕ್ಕ ದಾರಿಗಳೂ ಮುಚ್ಚಿದವು.

ಮಾರನೆಯ ದಿನವೇ ಸಾಹೇಬರು ಗ್ರಂಥಾಲಯಕ್ಕೆ ಹೋಗಿ ಈಜಿನ ಬಗ್ಗೆ ಇದ್ದ ಒಂದೇ ಒಂದು ಪುಸ್ತಕವನ್ನು ತಂದರು. ಯಾರೋ ಪುಣ್ಯಾತ್ಮರು ಅದರ ಮೊದಲ ಹನ್ನೆರಡು ಪುಟಗಳನ್ನು ಕಿತ್ತಿದ್ದರು. ಹದಿಮೂರನೇ ಪುಟ, 'ನೀರಿನ ಜೊತೆ ಜಗಳವಾಡಬೇಡಿ, ಅದು ನಿಮ್ಮನ್ನು ಹೊತ್ತುಕೊಳ್ಳಲು ಕಾದಿದೆ' ಎಂದು ಶುರುವಾಗುತ್ತಿತ್ತು. ಸಾಹೇಬರು ಆ ಪುಸ್ತಕವನ್ನು ಪರೀಕ್ಷೆಗೆ ಓದುವ ಹುಡುಗನಂತೆ ಬಾಯಿಪಾಠ ಮಾಡಿದರು. ಬಾಗಿಲು ಹಾಕಿಕೊಂಡು, ಸ್ಟೂಲಿನ ಮೇಲೆ ಹೊಟ್ಟೆ ಊರಿ ಮಲಗಿ ಕೈಕಾಲು ಬಡಿದರು.

"ಏನ್ರೀ ಅದು ಸದ್ದು?" ಎಂದು ಹೊರಗಿನಿಂದ ಹೆಂಡತಿ.

"ಬೆನ್ನುನೋವಿಗೆ ವ್ಯಾಯಾಮ!"

"ಬೆನ್ನುನೋವು ಯಾವಾಗ ಬಂತು?"

"ಈಗ ಬಂತು!" ಎಂದರು ಸಾಹೇಬರು. ಸ್ಟೂಲು ಮಗುಚಿಕೊಂಡಿತ್ತು, ಹಾಗಾಗಿ ಈ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ.

ದೋಣಿಯಿಂದ ಇಳಿದ ಸಂಜೆ ದ್ವೀಪ ನೋಡಿ ಹೆಂಡತಿ ಚಿಕ್ಕ ಹುಡುಗಿಯಂತೆ ಚಪ್ಪಲಿ ಕಳಚಿ ಮರಳಿನ ಮೇಲೆ ಓಡಿದಳು. ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ಗಂಟೆಯ ನಡಿಗೆ. ತಂಗುಮನೆ ಒಂದು, ಅಂಗಡಿ ಒಂದು, ಮಿಕ್ಕದ್ದೆಲ್ಲ ಮರ, ಮರಳು, ಮೌನ. ತಂಗುಮನೆಯ ಮೆಟ್ಟಿಲ ಮುಂದೆಯೇ ಲಗೂನ್. (ಕಡಲಿನ ಒಂದು ತುಂಡನ್ನು ಹವಳದ ದಿಬ್ಬ ಅಡ್ಡ ನಿಂತು ಒಳಗಿಟ್ಟುಕೊಂಡರೆ ಅದು ಲಗೂನ್. ದ್ವೀಪದವರು ಅದನ್ನು ಸುಮ್ಮನೆ 'ಒಳಗಡಲು' ಅನ್ನುತ್ತಾರೆ.) ಅಷ್ಟು ಚೆಂದದ ನೀರನ್ನು ಸಾಹೇಬರು ಜನ್ಮದಲ್ಲಿ ಕಂಡಿರಲಿಲ್ಲ. ಅಷ್ಟು ಭಯವೂ ಅವರಿಗೆ ಜನ್ಮದಲ್ಲಿ ಆಗಿರಲಿಲ್ಲ.

ಈಜು ಬಾರದಿದ್ದರೇನು, ಅಳತೆ ಬರುತ್ತದಲ್ಲ! ಈ ದಿವ್ಯ ಆಲೋಚನೆ ಹೊಳೆದದ್ದೇ ತಡ, ಮರುದಿನ ಬೆಳಿಗ್ಗೆ ಆರೂವರೆಗೆ, ಮನೆಯವರು ಏಳುವ ಮೊದಲೇ, ತಂಗುಮನೆಯ ನೆಲ ಒರೆಸುವ ಕೋಲಿಗೆ ಗೇಣಿಗೊಂದು ಗೆರೆ ಎಳೆದುಕೊಂಡು ಸಾಹೇಬರು ನೀರಿಗಿಳಿದರು. ಒಂದೊಂದೇ ಹೆಜ್ಜೆ, ಒಂದೊಂದು ಹೆಜ್ಜೆಗೂ ಕೋಲು. ಮುಕ್ಕಾಲು ಗಂಟೆಯಲ್ಲಿ ಒಳಗಡಲಿನ ಗುಟ್ಟು ಅವರ ಕೈಗೆ ಸಿಕ್ಕಿತು. ದೋಣಿ ಕಟ್ಟುವ ಮುರುಕು ಕಂಬದಿಂದ ಆಚೆಯ ಕಪ್ಪು ಬಂಡೆಯವರೆಗೆ ನೀರಿನಡಿ ಮರಳಿನ ಏರಿಯೊಂದು ನೇರವಾಗಿ ಹೋಗಿತ್ತು. ಅರವತ್ತೆರಡು ಹೆಜ್ಜೆ. ಕಂಬದ ಬಳಿ ಸೊಂಟದಷ್ಟಿದ್ದ ನೀರು ಹತ್ತು ಹನ್ನೆರಡು ಹೆಜ್ಜೆಯಲ್ಲಿ ಎದೆಮಟ್ಟಕ್ಕೆ ಏರಿ, ಅಲ್ಲಿಂದ ಬಂಡೆಯವರೆಗೂ ಹಾಗೇ, ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಮಂಡಿ ಕೊಂಚ ಬಗ್ಗಿಸಿ, ಗಲ್ಲವನ್ನು ನೀರಿಗೆ ತಾಗಿಸಿ, ಕೈಗಳನ್ನು ಅಗಲವಾಗಿ ಬೀಸುತ್ತ ಈ ಏರಿಯ ಮೇಲೆ ನಡೆದರೆ ದಡದಲ್ಲಿದ್ದವರಿಗೆ ಅದು ಈಜಲ್ಲದೆ ಮತ್ತೇನು? ಸಾಹೇಬರು ಬಂದು ನಕ್ಷೆ ಬರೆದರು, ಅಳತೆ ಗುರುತಿಸಿದರು, ಅಭ್ಯಾಸಬಲದಿಂದ ಕೆಳಗೆ ಸಹಿಯನ್ನೂ ಹಾಕಿದರು.

ಏಳೂವರೆಗೆ ಪಾಠ ಶುರುವಾಯಿತು. ಅತ್ತೆ ದಡದಲ್ಲಿ ಬೆತ್ತದ ಕುರ್ಚಿ ಹಾಕಿಸಿಕೊಂಡು ಕೊಡೆ ಬಿಚ್ಚಿ ಕುಳಿತರು. ಅವರು ದೂರದ ಕನ್ನಡಕವನ್ನು ಮನೆಯ ಟೀವಿ ಮೇಲೆ ಬಿಟ್ಟು ಓದುವ ಕನ್ನಡಕವನ್ನು ಮಾತ್ರ ತಂದಿದ್ದರು. ಹತ್ತು ಮಾರು ಆಚೆಗಿನ ಅಳಿಯ ಅವರಿಗೆ ನೀರಿನ ಮೇಲಿನ ಒಂದು ಕಪ್ಪು ಚುಕ್ಕೆ. ಚುಕ್ಕೆ ಕಂಬದಿಂದ ಬಂಡೆಗೆ ಹೋಗಿ ವಾಪಸು ಬಂತು. ಅತ್ತೆ ಚಪ್ಪಾಳೆ ತಟ್ಟಿದರು.

"ನೋಡಿದ್ಯೇನೇ! ಅಲೆ ಕೂಡ ಏಳಲಿಲ್ಲ! ಎಷ್ಟು ಗಂಭೀರವಾಗಿ ಹೋಗಿ ಬಂದ್ರು!"

"ಹೌದಮ್ಮ, ತುಂಬಾ ಗಂಭೀರ" ಎಂದಳು ಹೆಂಡತಿ.

ಆಮೇಲೆ ಅವಳ ಸರದಿ. ಸೊಂಟಮಟ್ಟದ ನೀರಿನಲ್ಲಿ ಅವಳನ್ನು ನಿಲ್ಲಿಸಿ ಸಾಹೇಬರು ಹದಿಮೂರನೇ ಪುಟದಿಂದ ಪ್ರವಚನ ಆರಂಭಿಸಿದರು. "ನೀರಿನ ಜೊತೆ ಜಗಳ ಆಡಬಾರದು. ಅದು ನಿನ್ನನ್ನ ಹೊತ್ಕೊಳ್ಳೋಕೆ ಕಾದಿದೆ. ಉಸಿರು ಎಳ್ಕೋ. ಮೈ ಸಡಿಲ ಬಿಡು. ಆಕಾಶ ನೋಡು."

"ನೀವು ಹಿಡ್ಕೋತೀರಲ್ಲ?"

"ನಾನಿರೋವಾಗ ನಿನಗೇನು ಭಯ?" ಎಂದರು ಸಾಹೇಬರು. ಹೀಗೆ ಹೇಳುವಾಗ ಅವರ ಎರಡು ಕಾಲಿನ ಹತ್ತೂ ಬೆರಳುಗಳು ಮರಳನ್ನು ಕಚ್ಚಿ ಹಿಡಿದಿದ್ದವು.

ಅವಳು ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದಳು. ಐದನೇ ವಯಸ್ಸಿನಿಂದ ಹೊತ್ತುಕೊಂಡು ಬಂದ ಹೆದರಿಕೆಯನ್ನು ಗಂಡನ ಎರಡು ಅಂಗೈಗಳ ಮೇಲೆ ಇಟ್ಟಳು. ಇದುವರೆಗೆ ಅವರ ಸುಳ್ಳಿನಿಂದ ಯಾರ ಕೂದಲೂ ಕೊಂಕಿರಲಿಲ್ಲ. ಈಗ ಅದನ್ನೇ ನಂಬಿ ಒಬ್ಬಳು ಉಸಿರು ಬಿಗಿಹಿಡಿದು ಮಲಗಿದ್ದಳು. ಹೇಳಿಬಿಡಲೇ ಎಂದುಕೊಂಡರು. ದಡದಿಂದ ಅತ್ತೆ ಕೊಡೆ ಬೀಸಿದರು. ಸಾಹೇಬರು ಹದಿನಾಲ್ಕನೇ ಪುಟಕ್ಕೆ ಹೋದರು.

ಆ ದಿನ ಟವೆಲ್ಲು ತರಲು ಹೋದಾಗ ತಂಗುಮನೆಯ ಯಜಮಾನಿ ಅವರನ್ನು ಕನಿಕರದಿಂದ ನೋಡಿದಳು. "ಸಾರ್‌ಗೆ ಮಂಡಿನೋವಾ? ನೀರಲ್ಲಿ ನಡೀರಿ ಅಂತ ಡಾಕ್ಟ್ರು ಹೇಳಿದಾರಾ?"

ಸಾಹೇಬರು ಅತ್ತ ಇತ್ತ ನೋಡಿದರು. "ಶ್! ಹೌದು, ಮಂಡಿ. ಯಾರಿಗೂ ಹೇಳಬೇಡಿ" ಎಂದು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಕಡಲ ಮಕ್ಕಳ ಕಣ್ಣಿಗೆ ಏನೋ ವಿಶೇಷ ಶಕ್ತಿ ಇರುತ್ತದೆ ಎಂದು ತೀರ್ಮಾನಿಸಿದರು. ಅಂದಿನಿಂದ ಅವಳೊಡನೆ ಮಾತೇ ನಿಲ್ಲಿಸಿದರು. ಮಾತು ನಿಲ್ಲಿಸದಿದ್ದರೆ ಅವಳು ಇನ್ನೊಂದು ಮುಖ್ಯವಾದ ಸಂಗತಿಯನ್ನೂ ಹೇಳುತ್ತಿದ್ದಳು.

ಎರಡನೇ ದಿನ ಹೆಂಡತಿ ಕೈ ಬಿಟ್ಟರೂ ತೇಲಿದಳು. ಮೂರನೇ ದಿನ ಬೆಳಿಗ್ಗೆ ಹತ್ತು ಹನ್ನೆರಡು ಸಲ ಕೈ ಬೀಸಿ ಕಂಬದ ಬಳಿ ಹೋಗಿ ಅದನ್ನು ತಬ್ಬಿಕೊಂಡು, "ರೀ, ಬಂತು! ನಂಗೆ ಬಂತು!" ಎಂದು ಕೂಗಿದಳು. ಸಾಹೇಬರಿಗೆ ಸಂತೋಷವಾಯಿತು. ಜೊತೆಗೆ ಒಂದು ಚೂರು ಹೊಟ್ಟೆಯುರಿಯೂ ಆಯಿತು. ಪುಸ್ತಕ ಬಾಯಿಪಾಠ ಮಾಡಿದವರು ತಾವು. ಅದನ್ನು ಕೇಳಿಸಿಕೊಂಡ ಹೆಂಗಸು ತೇಲುತ್ತಾಳೆ, ಇದು ಯಾವ ಊರಿನ ನ್ಯಾಯ?

ಅತ್ತೆಗೆ ಆನಂದ ತಡೆಯಲಾಗಲಿಲ್ಲ. "ಇವತ್ತು ಇಬ್ರೂ ಜೊತೆಗೆ ಆ ಬಂಡೆ ಮುಟ್ಕೊಂಡು ಬರಬೇಕು. ಬೆಳಗಿನ ಬಿಸಿಲು ಕಣ್ಣಿಗೆ ಹೊಡೀತಿದೆ, ನಂಗೇನೂ ಸರಿಯಾಗಿ ಕಾಣ್ಲಿಲ್ಲ. ನಾಲ್ಕು ಗಂಟೆಗೆ ಮರದ ನೆರಳು ಬರುತ್ತೆ. ಆಗ ನೋಡ್ತೀನಿ."

"ಅದಕ್ಕೇನಂತೆ ಅತ್ತೆ!" ಎಂದರು ಸಾಹೇಬರು. ಅರವತ್ತೆರಡು ಹೆಜ್ಜೆ, ಎದೆಮಟ್ಟ. ಬೆಳಿಗ್ಗೆ ನಡೆದರೇನು, ಸಂಜೆ ನಡೆದರೇನು?

ಇಲ್ಲಿ ಒಂದು ಮಾತು ಹೇಳಬೇಕು. ಸಾಹೇಬರು ದಡ್ಡರಲ್ಲ. ಆದರೆ ಮೂವತ್ತು ವರ್ಷ ಅವರು ಅಳೆದದ್ದು ನೆಲವನ್ನು. ಬೆಳಿಗ್ಗೆ ಅಳೆದ ಹೊಲ ಊಟ ಮಾಡಿಕೊಂಡು ಬರುವಷ್ಟರಲ್ಲಿ ಉಬ್ಬಿಕೊಂಡ ಉದಾಹರಣೆ ಅವರ ಕಡತಗಳಲ್ಲಿ ಒಂದೂ ಇಲ್ಲ. ಕಡಲಿಗೆ ದಿನಕ್ಕೆರಡು ಸಲ ಉಬ್ಬರ ಇಳಿತ ಇದೆ ಎಂದು ಶಾಲೆಯಲ್ಲಿ ಓದಿ ಐದು ಅಂಕ ಗಳಿಸಿದ್ದರು ನಿಜ, ಆದರೆ ಅಂಕ ಬಂದ ಮೇಲೆ ಅದನ್ನು ಮರೆಯುವುದಕ್ಕೆ ಅಡ್ಡಿಯಿರಲಿಲ್ಲ. ಅವರು ಕಡಲಿಗೆ ಇಳಿದದ್ದೆಲ್ಲ ಬೆಳಗಿನ ಇಳಿತದಲ್ಲಿ. ಮಧ್ಯಾಹ್ನದ ಉಬ್ಬರದ ಹೊತ್ತಿಗೆ, ಮೂರೂ ದಿನ, ಭರ್ಜರಿ ಊಟ ಹೊಡೆದು ಗೊರಕೆ ಹೊಡೆಯುತ್ತಿದ್ದರು.

ನಾಲ್ಕು ಗಂಟೆ. ಅತ್ತೆ ಕುರ್ಚಿಯಲ್ಲಿ. ಯಜಮಾನಿ ಮೆಟ್ಟಿಲ ಮೇಲೆ ಬಟ್ಟೆ ಮಡಚುತ್ತ. ಸಾಹೇಬರು ಎದೆ ಸೆಟೆಸಿ ಕಂಬದ ಬಳಿ ಇಳಿದರು, ಹಿಂದೆಯೇ ಹೆಂಡತಿ. ಬೆಳಿಗ್ಗೆ ಸೊಂಟಕ್ಕಿದ್ದ ನೀರು ಈಗ ಕಂಕುಳಿಗಿತ್ತು. ಮಧ್ಯಾಹ್ನದ ಊಟ ಜಾಸ್ತಿಯಾಗಿ ಮರಳಿನಲ್ಲಿ ಹೂತುಹೋಗುತ್ತಿದ್ದೇನೆ ಎಂದುಕೊಂಡರು. ಆರನೇ ಹೆಜ್ಜೆಗೆ ನೀರು ಗಲ್ಲ ಮುಟ್ಟಿತು. ಮಂಡಿ ಬಗ್ಗಿಸುವ ಕಾರ್ಯಕ್ರಮವನ್ನು ರದ್ದುಮಾಡಿ ನೆಟ್ಟಗೆ ನಡೆದರು. ಒಂಬತ್ತಕ್ಕೆ ತುದಿಗಾಲು. ಹನ್ನೊಂದಕ್ಕೆ ಆಕಾಶ ನೋಡುತ್ತ, ಬರೀ ಮೂಗನ್ನು ಹೊರಗಿಟ್ಟುಕೊಂಡು ನಡೆದರು. ತಿರುಗಿ ಬರೋಣವೆಂದರೆ ಅತ್ತೆಯ ಕೂಗು ಕೇಳುತ್ತಿತ್ತು. "ಭಲೇ ಅಳಿಯಂದ್ರೇ! ಹೋಗಿ, ಹೋಗಿ!"

ಹನ್ನೆರಡನೇ ಹೆಜ್ಜೆಗೆ ನೆಲವೇ ಸಿಗಲಿಲ್ಲ. ಏರಿ ಅಲ್ಲೇ ಇತ್ತು, ನಕ್ಷೆಯಲ್ಲಿ ತಪ್ಪಿರಲಿಲ್ಲ. ಸಾಹೇಬರು ಮಾತ್ರ ನಕ್ಷೆಯಿಂದ ಹೊರಗೆ ಹೋಗಿದ್ದರು.

ಒಮ್ಮೆ ಮುಳುಗಿದರು. ಎದ್ದು "ಅಯ್ಯೋ" ಎನ್ನಲು ಹೋಗಿ ಒಂದು ಲೋಟದಷ್ಟು ಉಪ್ಪುನೀರು ಕುಡಿದರು. ಮತ್ತೆ ಮುಳುಗಿದರು. "ನೋಡ್ರೀ, ಒಳಈಜು!" ಎಂದು ಅತ್ತೆ ಯಜಮಾನಿಗೆ ತೋರಿಸಿ ಚಪ್ಪಾಳೆ ತಟ್ಟಿದ್ದು ನೀರಿನೊಳಗೂ ಕೇಳಿಸಿತು. ಚಪ್ಪಾಳೆ ಕೇಳುತ್ತ ಸಾಯುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ! ಆದರೆ ಸಾಹೇಬರಿಗೆ ಅದು ಬೇಕಾಗಿರಲಿಲ್ಲ. ಅವರಿಗೆ ಹೆಂಡತಿ ಬೇಕಾಗಿತ್ತು. ಅವಳಿಗೆ ಒಂದು ಮಾತು ಹೇಳದೆ ಹೋಗುತ್ತಿದ್ದೇನಲ್ಲ ಎಂದು ಅಳು ಬಂತು. ಅಷ್ಟು ನೀರಿನಲ್ಲಿ ಅಳು ಯಾವುದು, ಕಡಲು ಯಾವುದು?

ಅಷ್ಟರಲ್ಲಿ ಪಕ್ಕದಲ್ಲೇ ಗದರುವ ದನಿ ಕೇಳಿತು.

"ರೀ! ಒದ್ದಾಡಬೇಡಿ! ನೀರಿನ ಜೊತೆ ಜಗಳ ಆಡಬೇಡಿ! ಉಸಿರು ಎಳ್ಕೊಳ್ಳಿ! ಮೈ ಸಡಿಲ ಬಿಡಿ! ಆಕಾಶ ನೋಡ್ರೀ, ಆಕಾಶ!"

ಹದಿಮೂರನೇ ಪುಟ! ಒಂದಕ್ಷರ ತಪ್ಪಿಲ್ಲ! ಸಾಹೇಬರು ಮದುವೆಯಾದ ಮೇಲೆ ಮೊದಲ ಬಾರಿಗೆ ಹೆಂಡತಿ ಹೇಳಿದ್ದನ್ನು ಎದುರಾಡದೆ ಕೇಳಿದರು. ಮೈ ಸಡಿಲ ಬಿಟ್ಟರು. ಅವಳು ಅವರ ಗಲ್ಲದಡಿ ಕೈ ಹಾಕಿ, ಉಸ್ಸು ಬುಸ್ಸೆನ್ನುತ್ತ, ಕಾಲು ಬಡಿಯುತ್ತ, ದೋಸೆ ಮಗುಚಿದಷ್ಟು ನಿಖರವಾಗಿ ಅವರನ್ನು ತಿರುಗಿಸಿ ಕಂಬದವರೆಗೆ ಎಳೆದು ತಂದಳು. ಅಲ್ಲಿಂದ ಅವರು ಅವಳ ಹೆಗಲು ಹಿಡಿದು ಬಂದು, ಕೊನೆಗೆ ನಾಲ್ಕು ಕಾಲಿನಲ್ಲಿ ದಡ ಸೇರಿದರು.

ಅತ್ತೆ ಎದ್ದು ಓಡೋಡಿ ಬಂದರು. ಕಣ್ಣಲ್ಲಿ ನೀರು. ಸಾಹೇಬರು ಕೆಮ್ಮುತ್ತಲೇ ಕೈ ಮುಗಿದು, "ಅತ್ತೆ, ನನ್ನನ್ನ ಕ್ಷಮಿಸಿ, ನಾನು..." ಎಂದು ಶುರುಮಾಡಿದರು.

"ಏನೂ ಹೇಳಬೇಡಿ! ನಂಗೆ ಅರ್ಥ ಆಯ್ತು!" ಎಂದರು ಅತ್ತೆ. "ಕಲಿಸಿದ್ದು ಸಾಲದು ಅಂತ ಪರೀಕ್ಷೆ ಕೂಡ ಮಾಡಿದ್ರಿ! ಮುಳುಗೋರನ್ನ ಇವಳು ಎಳ್ಕೊಂಡು ಬರ್ತಾಳಾ ಇಲ್ವಾ ಅಂತ ನೋಡೋಕೆ ನೀವೇ ಮುಳುಗೋ ಥರ ಮಾಡಿದ್ರಿ. ಅದೆಷ್ಟು ನೀರು ಕುಡಿದ್ರಿ, ಪಾಪ! ಇಂಥ ಅಳಿಯ ಯಾರಿಗೆ ಸಿಗ್ತಾರೆ?"

ಸಾಹೇಬರು ಹೆಂಡತಿಯ ಮುಖ ನೋಡಿದರು. ಅವಳು ತಲೆ ಬಗ್ಗಿಸಿ ಸೀರೆ ಸೆರಗು ಹಿಂಡುತ್ತಿದ್ದಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡರು.

ಆ ಸಂಜೆ ಅತ್ತೆ ಒಳಗೆ ಮಲಗಿದ್ದಾಗ, ಜಗುಲಿಯ ಮೇಲೆ ಶಾಲು ಹೊದ್ದು ಕುಳಿತು ಸಾಹೇಬರು ಎಲ್ಲವನ್ನೂ ಒಪ್ಪಿಕೊಂಡರು. ಸೋದರಮಾವ, ಸೋರದ ಕಿವಿ, ಸ್ಟೂಲು, ಒರೆಸುವ ಕೋಲು, ನಕ್ಷೆ, ಒಂದನ್ನೂ ಬಿಡಲಿಲ್ಲ. "ನಂಗೆ ಈಜು ಬರಲ್ಲ. ಯಾವತ್ತೂ ಬರ್ತಿರಲಿಲ್ಲ. ನಾನು ನೀರಲ್ಲಿ ನಡೀತಿದ್ದೆ."

"ಗೊತ್ತು ಬಿಡಿ."

"ಗೊತ್ತಾ? ಯಾವಾಗಿಂದ?"

"ಮೊದಲನೇ ದಿನದಿಂದ. ನೀರು ಗಾಜಿನ ಥರ ಇದೆಯಲ್ರೀ! ತಳದಲ್ಲಿರೋ ಕಪ್ಪೆಚಿಪ್ಪು ಕೂಡ ಕಾಣುತ್ತೆ. ನಿಮ್ಮ ಎರಡು ಕಾಲು ಟಕ್ ಟಕ್ ಅಂತ ನಡ್ಕೊಂಡು ಹೋಗ್ತಿದ್ದದ್ದು ಕಾಣ್ದೇ ಇರುತ್ತಾ? ಕಾಣದೇ ಇದ್ದಿದ್ದು ಅಮ್ಮಂಗೆ ಮಾತ್ರ."

ಸಾಹೇಬರ ಮುಖ ಹುಳ್ಳಗಾಯಿತು. ಅಳೆದದ್ದು ಆಳವನ್ನು, ಆ ನೀರಿನ ಮೂಲಕ ಲೋಕವೆಲ್ಲ ತಮ್ಮ ಕಾಲು ನೋಡಬಹುದು ಎಂದು ಹೊಳೆದೇ ಇರಲಿಲ್ಲ. (ಅವರ ಊರಿನ ನಲ್ಲಿ ನೀರಿನಲ್ಲಿ ಬಕೆಟ್ಟಿನ ತಳ ಕಾಣುವುದಿಲ್ಲ.) "ಮತ್ತೆ ಗೊತ್ತಿದ್ದೂ ನನ್ನ ಹತ್ರ ಯಾಕೆ ಕಲಿತೆ?"

"ಪಾಠ ಚೆನ್ನಾಗಿತ್ತು. ಮೇಷ್ಟ್ರು ಮಾತ್ರ ನಡೀತಿದ್ರು." ಅವಳು ಅವರ ಒದ್ದೆ ತಲೆಯನ್ನು ಇನ್ನೊಮ್ಮೆ ಒರೆಸಿದಳು, ಸ್ವಲ್ಪ ಜೋರಾಗಿಯೇ. "ಅದೂ ಅಲ್ಲದೆ, ನಿಮಗೆ ಬರಲ್ಲ ಅಂತ ಗೊತ್ತಾದ ಮೇಲೆ ನಾನಾದ್ರೂ ಕಲೀಲೇಬೇಕಾಯ್ತಲ್ಲ. ಇವತ್ತಲ್ಲ ನಾಳೆ ಎಲ್ಲಾದ್ರೂ ಮುಳುಗ್ತೀರಿ ಅಂತ ಹೆದರಿಕೆ ಆಯ್ತು."

ಸಾಹೇಬರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ತುಂಬ ಪ್ರೀತಿ ಬಂತು. ಎರಡನ್ನೂ ಒಟ್ಟಿಗೆ ಹೇಗೆ ಹೇಳುವುದೆಂದು ತಿಳಿಯದೆ ಒಂದು ಸೀನು ಸೀನಿದರು. ಅತ್ತೆಗೆ ಮಾತ್ರ ಹೇಳುವುದು ಬೇಡ, ಆ ಜೀವಕ್ಕೆ ಈಗ ತಾನೇ ನೀರಿನ ಭಯ ಬಿಟ್ಟಿದೆ, ನೆಮ್ಮದಿಯಾಗಿರಲಿ ಎಂದು ಇಬ್ಬರೂ ಒಪ್ಪಿಕೊಂಡರು.

ಭಯ ಎಷ್ಟರಮಟ್ಟಿಗೆ ಬಿಟ್ಟಿತ್ತೆಂದರೆ, ಹೊರಡುವ ದಿನ ಬೆಳಿಗ್ಗೆ ಎಂಟಕ್ಕೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿನ ಅಂಚಿನಲ್ಲಿ ನಿಂತಿದ್ದರು. "ಅಳಿಯಂದ್ರೇ, ನಮ್ಮ ದೋಣಿ ಬರೋದು ಹತ್ತಕ್ಕೆ. ಇವತ್ತು ನನ್ನ ಸರದಿ. ನೀವಿದ್ದೀರಲ್ಲ, ನಂಗೇನು ಭಯ!"

ಸಾಹೇಬರು ಒಂದು ಹೆಜ್ಜೆ ಹಿಂದಕ್ಕಿಟ್ಟರು. ಆದರೆ ಇಳಿತದ ಹೊತ್ತು. ನೀರು ಸೊಂಟಕ್ಕೂ ಇರಲಿಲ್ಲ, ಪಕ್ಕದಲ್ಲಿ ಹೆಂಡತಿ ಇದ್ದಳು. ಗಂಟಲು ಸರಿಮಾಡಿಕೊಂಡು ಪಾಠ ಒಪ್ಪಿಸಿದರು. ಜಗಳ ಬೇಡ, ಉಸಿರು, ಸಡಿಲ, ಆಕಾಶ. ನಲವತ್ತು ವರ್ಷಕ್ಕೂ ಮೇಲೆ ನೀರು ಕಂಡರೆ ನಡುಗುತ್ತಿದ್ದ ಅತ್ತೆ, ಐದೇ ನಿಮಿಷದಲ್ಲಿ ಒಣಗಿದ ತೆಂಗಿನಗರಿಯಂತೆ ಹಗುರವಾಗಿ ಆಕಾಶ ನೋಡುತ್ತ ತೇಲಿದರು. ಮುಖದ ತುಂಬ ನಗು. ಆಚೆ ಹೆಂಡತಿ ತನ್ನ ಪಾಡಿಗೆ ತಾನು ಈಜುತ್ತಿದ್ದಳು. ಇಬ್ಬರ ನಡುವೆ ಮೇಷ್ಟ್ರು ಗೂಟದಂತೆ ನಿಂತಿದ್ದರು.

ಆಗಲೇ ಮೊದಲ ದೋಣಿಯಲ್ಲಿ ಹೊಸ ಪ್ರವಾಸಿಗಳು ಬಂದಿಳಿದರು. ಯಜಮಾನಿ ಅವರ ಪೆಟ್ಟಿಗೆ ಇಳಿಸುತ್ತ, ಇಡೀ ದ್ವೀಪಕ್ಕೆ ಕೇಳುವಂತೆ ಹೆಮ್ಮೆಯಿಂದ ಹೇಳಿದಳು: "ಈಜು ಕಲೀಬೇಕಾ? ಅಲ್ಲಿ ನಿಂತಿದಾರಲ್ಲ, ಅವರನ್ನ ಹಿಡೀರಿ! ಅವರಿಗೆ ಒಂಚೂರೂ ಈಜು ಬರಲ್ಲ. ಬಂದಾಗ್ಲಿಂದ ಬರೀ ನಡೀತಾರೆ, ನಿನ್ನೆ ಮುಳುಗಿಹೋಗಿದ್ರು. ಆದ್ರೆ ಅವರು ಹೇಳಿಕೊಟ್ರೆ ಎಂಥೋರಿಗೂ ಬರುತ್ತೆ!"

ಹೆಂಡತಿ ನಗು ತಡೆಯಲಾಗದೆ ಒಂದು ಗುಟುಕು ನೀರು ಕುಡಿದಳು. ತೇಲುತ್ತಿದ್ದ ಅತ್ತೆ ಏನೋ ಸದ್ದಾಯಿತಲ್ಲ ಎಂದು ಮೆಲ್ಲಗೆ ತಲೆ ಎತ್ತಲು ನೋಡಿದರು.

"ಅತ್ತೇ!" ಎಂದು ಸಾಹೇಬರು ಅವರ ಹಣೆಯ ಮೇಲೆ ಅಂಗೈ ಊರಿ ಕಿರುಚಿದರು. "ಕಿವಿ ನೀರಲ್ಲೇ ಇರಲಿ! ಈಜಿಗೆ ಅದೇ ಮುಖ್ಯ!"